ಮನೆಯ ಬೆಕ್ಕಿಗೆ ಮನೆಯದೇ ಊಟ: ಒಂದು ಕಿಲೋ ಅಡುಗೆಯ ಪೂರ್ತಿ ಲೆಕ್ಕ

ಮೀನು ಮಾರುವವರ ಸ್ಕೂಟರಿನ ಹಾರ್ನು ಗೇಟಿನ ಹತ್ತಿರ ಕೇಳಿದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಮನೆಯ ಬೆಕ್ಕೂ ಒಳಗೆ ಕೂರುವುದಿಲ್ಲ. ಅದರ ಪಾಲಿಗೆ ಬರುವುದು ಬೂತಾಯಿಯ ತಲೆ, ಕರುಳು, ಮಧ್ಯಾಹ್ನಕ್ಕೆ ಸಾರು ಕಲಸಿದ ಕುಚ್ಚಲಕ್ಕಿ ಅನ್ನ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಾದರೆ ಹಾಲನ್ನ, ಮಜ್ಜಿಗೆ ಅನ್ನ. ಇಷ್ಟರಲ್ಲೇ ಬೆಕ್ಕುಗಳು ತಲೆತಲಾಂತರದಿಂದ ಬದುಕಿವೆಯಲ್ಲ ಎಂದು ಕೇಳುವವರಿದ್ದಾರೆ. ಬದುಕಿದ್ದು ಅನ್ನದಿಂದಲ್ಲ. ಅಡಿಕೆ ಅಟ್ಟದ ಇಲಿ, ಬೇಲಿಯ ಓತಿ, ಗೋಡೆಯ ಹಲ್ಲಿಗಳಿಂದ. ನಾವು ಹಾಕಿದ್ದು ಹೊಟ್ಟೆ ತುಂಬಿಸಿತು, ಬೇಟೆ ಮೈಯನ್ನು ಕಾಪಾಡಿತು.

ಈಗ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ಕಿಟಕಿಗೆ ಬಲೆ ಹಾಕಿಸಿ, ಬೆಕ್ಕನ್ನು ಒಳಗೇ ಸಾಕುವ ಮನೆಗಳು ಹೆಚ್ಚಾಗಿವೆ. ಅಲ್ಲಿ ಇಲಿಯಿಲ್ಲ. ತಟ್ಟೆಗೆ ಬಿದ್ದದ್ದೇ ಬೆಕ್ಕಿನ ಪೂರ್ತಿ ಆಹಾರ. ಹಾಗಾಗಿ ಮನೆಯಲ್ಲಿ ಬೆಕ್ಕಿಗೆ ಅಡುಗೆ ಮಾಡುವುದೆಂದರೆ ಒಂದು ಇಲಿಯಲ್ಲಿ ಇರುವುದನ್ನೆಲ್ಲ ಒಂದು ಪಾತ್ರೆಯಲ್ಲಿ ಕೂಡಿಸುವುದು: ಮಾಂಸ, ಕೊಬ್ಬು, ಹೃದಯ, ಲಿವರ್, ಎಲುಬು, ನೀರು. ಇವುಗಳಲ್ಲಿ ಒಂದನ್ನು ಬಿಟ್ಟರೂ ಕೊರತೆ ಇಂದು ಕಾಣುವುದಿಲ್ಲ, ಆರು ತಿಂಗಳೋ ಎರಡು ವರ್ಷವೋ ಕಳೆದು ಕಾಣುತ್ತದೆ.

ಬೆಕ್ಕಿಗೆ ಮಾಂಸವೇ ಯಾಕೆ

ನಾಯಿ ಅನ್ನ, ಬೇಳೆ, ಮಾಂಸ ಎಲ್ಲದರಲ್ಲೂ ಹೊಂದಿಕೊಳ್ಳುತ್ತದೆ. ಬೆಕ್ಕಿಗೆ ಅದು ಸಾಧ್ಯವಿಲ್ಲ. ಕುಂಬಳ, ಕ್ಯಾರೆಟ್‌ನ ಬಣ್ಣದ ಅಂಶವನ್ನು ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಬೆಕ್ಕಿನ ದೇಹ ಮಾಡಿಕೊಳ್ಳುವುದಿಲ್ಲ. ಅದಕ್ಕೆ ಲಿವರ್, ಮೊಟ್ಟೆಗಳಲ್ಲಿರುವ ಸಿದ್ಧ ವಿಟಮಿನ್ ಎ ಬೇಕು. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶವೂ ಪ್ರಾಣಿಮೂಲದಿಂದಲೇ ಬರಬೇಕು, ತೆಂಗಿನೆಣ್ಣೆಯಲ್ಲಿ ಅದು ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್ ಎಂಬ ಅಮೈನೊ ಆಮ್ಲ. ಬೆಕ್ಕು ಇದನ್ನು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕಣ್ಣಿನ ಒಳಪದರ ಕೆಡುತ್ತದೆ ಎಂಬುದು 1975ರಲ್ಲಿ ಗೊತ್ತಾಯಿತು. ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಕಾಯಿಲೆಗೂ ಇದೇ ಕಾರಣ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯೋನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಹೃದಯದ ತೊಂದರೆ ಬೇಗ ಕಂಡುಹಿಡಿದರೆ ಸುಧಾರಿಸಬಹುದು. ಹೋದ ದೃಷ್ಟಿ ಮರಳುವುದಿಲ್ಲ.

ಟಾರಿನ್ ನೀರಿನಲ್ಲಿ ಕರಗುವ ವಸ್ತು. ಕೋಳಿ ಬೇಯಿಸಿ, ನೀರು ಬಸಿದು, ಬಿಳೀ ಎದೆಮಾಂಸ ಮಾತ್ರ ಹಾಕುವವರು ಎರಡು ಸಲ ಕಳೆದುಕೊಳ್ಳುತ್ತಾರೆ. ಒಂದು ಪಾಲು ಚರಂಡಿಗೆ ಹೋಯಿತು. ಎದೆಮಾಂಸದಲ್ಲಿ ಅದು ಮೊದಲೇ ಕಡಿಮೆ, ಕಾಲು-ತೊಡೆಯ ಕಪ್ಪು ಮಾಂಸದಲ್ಲಿ ಹಲವು ಪಟ್ಟು ಹೆಚ್ಚು, ಹೃದಯದಲ್ಲೂ ಧಾರಾಳ.

ಸಾಮಾನು

ಇದು ಆರೋಗ್ಯವಾಗಿರುವ, ಒಂದು ವರ್ಷ ದಾಟಿದ ಬೆಕ್ಕಿನ ಲೆಕ್ಕ. ಮರಿ, ಗಬ್ಬದ ಬೆಕ್ಕು, ಕಿಡ್ನಿ ಅಥವಾ ಮೂತ್ರಕಲ್ಲಿನ ತೊಂದರೆ ಇರುವ ಬೆಕ್ಕಿಗೆ ಇದನ್ನು ಹಾಗೆಯೇ ಹಾಕಬಾರದು. ಅವುಗಳ ಕ್ಯಾಲ್ಸಿಯಂ, ರಂಜಕದ ಲೆಕ್ಕ ಬೇರೆ, ಅದನ್ನು ಪಶುವೈದ್ಯರೇ ಹೇಳಬೇಕು.

- ಎಲುಬು ತೆಗೆದ ಕೋಳಿ ಕಾಲು-ತೊಡೆಯ ಮಾಂಸ, ಅರ್ಧದಷ್ಟು ಚರ್ಮದ ಸಹಿತ: 750 ಗ್ರಾಂ
- ಕೋಳಿ ಹೃದಯ: 100 ಗ್ರಾಂ
- ಕೋಳಿ ಲಿವರ್: 50 ಗ್ರಾಂ
- ಮೊಟ್ಟೆ: 2
- ನೀರು: 200 ಮಿ.ಲೀ.
- ಮೊಟ್ಟೆ ಚಿಪ್ಪಿನ ನುಣ್ಣನೆಯ ಹುಡಿ: 6 ಗ್ರಾಂ
- ಟಾರಿನ್: 1000 ಮಿ.ಗ್ರಾಂ
- ವಿಟಮಿನ್ ಇ: 200 ಯೂನಿಟ್
- ಬಿ-ಕಾಂಪ್ಲೆಕ್ಸ್: 1 ಕ್ಯಾಪ್ಸೂಲ್
- ಅಯೋಡಿನ್ ಉಪ್ಪು: 2 ಗ್ರಾಂ, ಎಂದರೆ ಚಹಾ ಚಮಚದ ಮೂರರಲ್ಲೊಂದು ಪಾಲು

ಎಲುಬು ಸಹಿತ ಕಾಲು ಕೊಂಡರೆ 750 ಗ್ರಾಂ ಮಾಂಸಕ್ಕೆ ಸುಮಾರು 1.1 ಕಿಲೋ ಬೇಕಾಗುತ್ತದೆ. ನಮ್ಮ ಕಡೆಯ ಕೋಳಿ ಅಂಗಡಿಗಳಲ್ಲಿ ಗರಿಯ ಜತೆಗೆ ಚರ್ಮವನ್ನೂ ಸುಲಿದು ಎಸೆಯುವುದೇ ಹೆಚ್ಚು. ಚರ್ಮ ಸಿಗದಿದ್ದರೆ ಹೊಟ್ಟೆಯ ಬಳಿಯ ಹಳದಿ ಕೊಬ್ಬಿನ ಗಡ್ಡೆ 40–50 ಗ್ರಾಂ ಕೇಳಿ ತನ್ನಿ, ಸಾಮಾನ್ಯವಾಗಿ ಅದಕ್ಕೆ ದುಡ್ಡೇ ತೆಗೆದುಕೊಳ್ಳುವುದಿಲ್ಲ. ಕೊಬ್ಬೇ ಇಲ್ಲದ ಮಾಂಸ ಹಾಕಿದರೆ ಬೆಕ್ಕು ಸೊರಗುತ್ತದೆ. ಹೃದಯಕ್ಕೆ ಹಿಂದಿನ ದಿನವೇ ಹೇಳಿಡಬೇಕು: ಒಂದು ಬ್ರಾಯ್ಲರ್ ಹೃದಯ ತೂಗುವುದು ಹತ್ತು ಗ್ರಾಮಿನ ಆಸುಪಾಸು, 100 ಗ್ರಾಮಿಗೆ ಹತ್ತು-ಹನ್ನೆರಡು ಕೋಳಿ ಬೇಕು. ಸಿಗದಿದ್ದರೆ ಅಷ್ಟೇ ತೂಕದ ಕಾಲಿನ ಮಾಂಸ ಸೇರಿಸಿ.

ಲಿವರನ್ನು ಮಾತ್ರ ಕೈಯಳತೆಯಲ್ಲಿ ಹಾಕಬೇಡಿ. ಬೆಕ್ಕಿಗೆ ಇಷ್ಟವೆಂದು ದಿನಾ ಲಿವರ್ ಕೊಟ್ಟರೆ ವಿಟಮಿನ್ ಎ ಮೈಯಲ್ಲಿ ಕೂಡಿಕೊಂಡು ಕುತ್ತಿಗೆಯ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಕ್ಕಿಗೆ ತಲೆ ತಿರುಗಿಸಿ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ. 50 ಗ್ರಾಂ ಸಾಕು, ಹೆಚ್ಚಿಸಲು ಕಾರಣವೇ ಇಲ್ಲ.

ಟಾರಿನ್ 500 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ ಸಿಗುತ್ತದೆ, ಹೆಚ್ಚಾಗಿ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಔಷಧದಂಗಡಿಯಲ್ಲಿ ಟಾರಿನ್ ಎಂದು ಕೇಳಿದರೆ ಅಸಿಟೈಲ್‌ಸಿಸ್ಟೀನ್ ಜತೆ ಸೇರಿಸಿದ ಮಾತ್ರೆ ಕೊಡಬಹುದು. ಅದು ಮನುಷ್ಯರ ಕಿಡ್ನಿ ರೋಗಿಗಳಿಗಾಗಿ ಮಾಡಿದ್ದು, ತೆಗೆದುಕೊಳ್ಳಬೇಡಿ. ಲೇಬಲಿನಲ್ಲಿ ಟಾರಿನ್ ಒಂದೇ ಇರಬೇಕು. ಬಿ-ಕಾಂಪ್ಲೆಕ್ಸ್ ಕೂಡ ಕಬ್ಬಿಣ ಸೇರದ ಸಾದಾದ್ದು, ಬಿ1 ಎಂದರೆ ಥಯಮಿನ್ 5–10 ಮಿ.ಗ್ರಾಂ ಇರುವಂಥದ್ದು ಸಾಕು. ಸಿಹಿ ಹಾಕಿದ ಸಿರಪ್ ಬೇಡ.

ಇದರ ಜತೆಗೆ ಎರಡು ತಕ್ಕಡಿ ಬೇಕು: ಅಡುಗೆಮನೆಯ ಸಾಮಾನ್ಯ ಡಿಜಿಟಲ್ ತಕ್ಕಡಿ ಒಂದು, 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಇನ್ನೊಂದು. ಚಿಪ್ಪಿನ ಹುಡಿಗೆ ಎರಡನೆಯದು ಇಲ್ಲದೆ ಆಗುವುದಿಲ್ಲ.

ಚಿಪ್ಪಿನ ಹುಡಿ

ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಬರೀ ಮಾಂಸ ತಿಂದ ಬೆಕ್ಕಿನ ದೇಹ ಆ ಕೊರತೆಯನ್ನು ತನ್ನ ಎಲುಬಿನಿಂದಲೇ ಕರಗಿಸಿ ತುಂಬಿಕೊಳ್ಳುತ್ತದೆ. ಮೇಜಿನಿಂದ ಹಾರಿದ ಎಳೆಬೆಕ್ಕಿನ ಕಾಲು ಮುರಿಯುವುದು ಎಷ್ಟೋ ಸಲ ಇದರಿಂದ. ಇಲಿಯಲ್ಲಾದರೆ ಎಲುಬು ಒಳಗೇ ಇತ್ತು. ಇಲ್ಲಿ ಅದರ ಜಾಗಕ್ಕೆ ಮೊಟ್ಟೆ ಚಿಪ್ಪು.

ಹತ್ತು ಚಿಪ್ಪು ಕೂಡಿಸಿ, ಒಳಗಿನ ಲೋಳೆ ಹೋಗುವಂತೆ ತೊಳೆದು, ಐದು ನಿಮಿಷ ಕುದಿಸಿ. ಮಳೆಗಾಲದಲ್ಲಿ ಬಿಸಿಲನ್ನು ನಂಬಿದರೆ ಹುಡಿ ಮುಗ್ಗಲಾಗುತ್ತದೆ. ಕಾವಲಿಯಲ್ಲಿ ಸಣ್ಣ ಉರಿಗೆ ಹತ್ತು ನಿಮಿಷ ಹುರಿದು, ಗರಿಗರಿಯಾದ ಮೇಲೆ ಮಿಕ್ಸಿಯ ಸಣ್ಣ ಜಾರಿನಲ್ಲಿ ಹುಡಿ ಮಾಡಿ. ತೆಳು ಬಟ್ಟೆಯಲ್ಲಿ ಜಾಲಿಸಿ, ಬೆರಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತಿರಬೇಕು. ಮರಳು ಮರಳಾಗಿದ್ದರೆ ಬೆಕ್ಕು ಮೂಸಿ ಹಿಂದೆ ಸರಿಯುತ್ತದೆ, ತಿಂದರೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹತ್ತು ಚಿಪ್ಪಿಗೆ ಸುಮಾರು 50 ಗ್ರಾಂ ಹುಡಿ ಸಿಗುತ್ತದೆ, ಎಂಟು ಸಲದ ಅಡುಗೆಗೆ ಸಾಕು. ಒಂದು ಗ್ರಾಮಿನಲ್ಲಿ ಸುಮಾರು 380 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಎಲೆ ಅಡಿಕೆಗೆ ಇಟ್ಟ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ ಎಂದು ಯಾರೂ ಅದನ್ನು ಹಾಕಬಾರದು. ಅದು ತೀಕ್ಷ್ಣ ಕ್ಷಾರ, ಬೆಕ್ಕಿನ ಬಾಯಿ, ಅನ್ನನಾಳ ಸುಡುತ್ತದೆ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಬಹುತೇಕ ವಿಟಮಿನ್ ಡಿ3 ಸೇರಿರುತ್ತದೆ. ಮೀನು ತಿನ್ನುವ ಬೆಕ್ಕಿಗೆ ಅದನ್ನೂ ಕೊಡುತ್ತಾ ಹೋಗುವುದು ಕಿಡ್ನಿಗೆ ಒಳ್ಳೆಯದಲ್ಲ.

ಅಡುಗೆ

1. ದಪ್ಪ ತಳದ ಪಾತ್ರೆಯಲ್ಲಿ 200 ಮಿ.ಲೀ. ನೀರು ಕಾಯಿಸಿ, ಹೃದಯಗಳನ್ನು ಎರಡಾಗಿ ಸೀಳಿ, ರಕ್ತದ ಗಡ್ಡೆ ತೊಳೆದು ಹಾಕಿ. ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ.

2. ಒಂದಿಂಚಿನ ತುಂಡು ಮಾಡಿದ ಮಾಂಸ, ಚರ್ಮ ಅಥವಾ ಕೊಬ್ಬು ಸೇರಿಸಿ ಮತ್ತೆ ಮುಚ್ಚಿ. ಕೊತಕೊತ ಕುದಿಸಬೇಡಿ, ಮಾಂಸ ರಬ್ಬರಿನಂತಾಗುತ್ತದೆ. ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ದೊಡ್ಡ ತುಂಡೊಂದನ್ನು ಸೀಳಿ ನೋಡಿ, ನಡುವೆ ಕೆಂಪು ಇರಬಾರದು. ಥರ್ಮಾಮೀಟರ್ ಇದ್ದವರಿಗೆ ಗುರಿ 74 ಡಿಗ್ರಿ.

3. ಕೊನೆಯ ಐದಾರು ನಿಮಿಷ ಇರುವಾಗ ಲಿವರ್ ಹಾಕಿ. ಉರಿ ಆರಿಸುವ ಮೊದಲು ಎರಡು ಮೊಟ್ಟೆ ಒಡೆದು ಹಾಕಿ ಕದಡಿ, ಪೂರ್ತಿ ಗಟ್ಟಿಯಾಗಲಿ. ಹಸಿ ಬಿಳಿಭಾಗ ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ.

4. ಪಾತ್ರೆ ಕೆಳಗಿಳಿಸಿ ಉಗುರುಬೆಚ್ಚಗಾಗುವವರೆಗೆ ಬಿಡಿ. ನೀರು ಬಸಿಯಬೇಡಿ. ಆ ರಸದಲ್ಲೇ ಕರಗಿದ ಟಾರಿನ್, ಬಿ ವಿಟಮಿನ್‌ಗಳು ಇವೆ.

5. ಮಿಕ್ಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಒಂದೆರಡು ಸುತ್ತು ಮಾತ್ರ ತಿರುಗಿಸಿ. ಚಟ್ನಿಯಂತೆ ನುಣ್ಣಗಾದರೆ ಹಲ್ಲಿಗೆ ಕೆಲಸವಿಲ್ಲ, ಎಷ್ಟೋ ಬೆಕ್ಕುಗಳಿಗೆ ಅಂಟಂಟಾದದ್ದು ಹಿಡಿಸುವುದೂ ಇಲ್ಲ. ಕಡಲೆಬೇಳೆಯ ಗಾತ್ರದ ತುಣುಕುಗಳಿರಲಿ. ಎಲುಬಿನ ಚೂರು ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ. ಬೆಂದ ಕೋಳಿ ಎಲುಬು ಸೂಜಿಯಂತೆ ಸೀಳುತ್ತದೆ.

6. ಒಂದು ಬಟ್ಟಲಿನಲ್ಲಿ ನಾಲ್ಕು ಚಮಚ ರಸ ತೆಗೆದು ಚಿಪ್ಪಿನ ಹುಡಿ, ಉಪ್ಪು, ಬಿಚ್ಚಿದ ಟಾರಿನ್ ಮತ್ತು ಬಿ-ಕಾಂಪ್ಲೆಕ್ಸ್ ಹುಡಿ, ಚುಚ್ಚಿ ಹಿಂಡಿದ ವಿಟಮಿನ್ ಇ ಎಣ್ಣೆ ಎಲ್ಲ ಕದಡಿ. ಅದನ್ನು ಮಾಂಸದ ಮೇಲೆ ಸುರಿದು, ಕೈಯಿಂದ ಮೂರು ನಿಮಿಷವಾದರೂ ಕಲಸಿ. ಬಿಸಿಯಿದ್ದಾಗ ಹಾಕಿದರೆ ಥಯಮಿನ್ ಹಾಳು. ನೇರ ಹುಡಿಯನ್ನೇ ಉದುರಿಸಿದರೆ ಒಂದು ಡಬ್ಬಿಗೆ ಹೆಚ್ಚು, ಇನ್ನೊಂದಕ್ಕೆ ಇಲ್ಲ.

ಬೇಕಿದ್ದರೆ ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ ಎರಡು ಚಮಚ, ಅಥವಾ ಮಲ ಗಟ್ಟಿಯಾಗುವ ಬೆಕ್ಕಿಗೆ ಬೇಯಿಸಿದ ಸಿಹಿಗುಂಬಳ ಒಂದು ಚಮಚ ಸೇರಿಸಬಹುದು. ಅನ್ನ ಬೆಕ್ಕಿಗೆ ವಿಷವಲ್ಲ, ಅಗತ್ಯವೂ ಅಲ್ಲ. ಬಟ್ಟಲು ತುಂಬ ಅನ್ನ, ಮೇಲೆ ನಾಲ್ಕು ಚೂರು ಮೀನು ಎಂಬ ಲೆಕ್ಕವನ್ನಂತೂ ಬಿಟ್ಟುಬಿಡಬೇಕು.

ಬೇಯಿಸದೆ ಹಸಿ ಕೋಳಿಯನ್ನೇ ಕೊಡಬಾರದೇ ಎಂಬ ಪ್ರಶ್ನೆಗೆ ಈ ಊರಿನಲ್ಲಿ ಉತ್ತರ ಒಂದೇ: ಬೇಡ. ಸಾಲ್ಮೊನೆಲ್ಲಾ ಒಂದು ಕಡೆ. ಆಲಪ್ಪುಳ, ಕೋಟ್ಟಯಂ ಭಾಗದಲ್ಲಿ 2021ರಲ್ಲಿ ಹಕ್ಕಿಜ್ವರ ಬಂದಿತ್ತು, 2024ರಲ್ಲಿ ಆಲಪ್ಪುಳದಲ್ಲಿ ಮತ್ತೆ ಕಾಣಿಸಿತು. ಆ ರೋಗಾಣು ತಗುಲಿದರೆ ಬೆಕ್ಕುಗಳು ಸಾಯಬಹುದು. ಚೆನ್ನಾಗಿ ಬೇಯಿಸಿದರೆ ಎರಡರ ಭಯವೂ ಇಲ್ಲ.

ಮೀನಿನ ವಿಚಾರ

ಬೆಕ್ಕಿಗೆ ಮೀನು ಪ್ರಿಯ, ನಮಗೆ ಮೀನು ಸುಲಭ. ಆದರೂ ದಿನದ ಮೂರು ಹೊತ್ತೂ ಮೀನು ತಪ್ಪು. ಎಣ್ಣೆ ಹೆಚ್ಚಿರುವ ಮೀನನ್ನೇ ತಿಂಗಳುಗಟ್ಟಲೆ ತಿಂದರೆ ವಿಟಮಿನ್ ಇ ಖರ್ಚಾಗಿ, ಮೈಯ ಕೊಬ್ಬು ಹಳದಿಗಟ್ಟಿ ಬಾತು, ಮುಟ್ಟಿದರೆ ಬೆಕ್ಕು ಕಿರುಚುವಷ್ಟು ನೋಯುತ್ತದೆ. ಹಸಿ ಬೂತಾಯಿ, ಕೊಲ್ಲತರುಗಳ ಜಾತಿಯ ಮೀನುಗಳಲ್ಲಿ ಥಯಮಿನ್ ಒಡೆಯುವ ಕಿಣ್ವ ಇರುತ್ತದೆ. ಅದನ್ನೇ ಹಸಿಯಾಗಿ ತಿಂದ ಬೆಕ್ಕು ಊಟ ಬಿಡುತ್ತದೆ, ತಲೆ ಎದೆಗೆ ಬಗ್ಗಿಸುತ್ತದೆ, ತೂರಾಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಕಿಣ್ವ ನಾಶ.

ಹಾಗೆಂದು ಮೀನು ಪೂರ್ತಿ ಬಿಡುವುದೂ ಸರಿಯಲ್ಲ. ಮೇಲಿನ ಅಡುಗೆಯಲ್ಲಿ ಕಡಿಮೆ ಬೀಳುವ ವಿಟಮಿನ್ ಡಿ, ಅಯೋಡಿನ್, ಒಮೆಗಾ-3 ಕೊಬ್ಬು ಮೀನಿನಿಂದಲೇ ಬರಬೇಕು. ಒಂದು ಕಿಲೋ ಅಡುಗೆಯಲ್ಲಿ ಕೋಳಿಮಾಂಸ 600 ಗ್ರಾಮಿಗೆ ಇಳಿಸಿ 150 ಗ್ರಾಂ ಬೂತಾಯಿ ಸೇರಿಸುವುದು ಒಳ್ಳೆಯ ಅಳತೆ. ತಲೆ, ಕರುಳು, ಹುರುಪೆ ತೆಗೆದು, ಉಪ್ಪು ಹುಳಿ ಏನೂ ಹಾಕದೆ, ಸ್ವಲ್ಪ ನೀರಿನಲ್ಲಿ ಕುಕ್ಕರಿಗಿಡಿ. ಮೊದಲ ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ನಡುಮುಳ್ಳನ್ನು ಬೆರಳಲ್ಲಿ ಒತ್ತಿದರೆ ಹುಡಿಯಾಗಬೇಕು, ಆಗದಿದ್ದರೆ ಇನ್ನೂ ಹತ್ತು ನಿಮಿಷ. ಮುಳ್ಳು ಸಹಿತ ಹಾಕಿದಾಗ ಚಿಪ್ಪಿನ ಹುಡಿ 6ರ ಬದಲು 4.5 ಗ್ರಾಂ. ಬಂಗುಡೆಯಾದರೆ ಮುಳ್ಳು ಬಿಡಿಸಿಯೇ ಹಾಕಿ, ಆಗ ಹುಡಿ 6 ಗ್ರಾಂ ಇರಲಿ.

ತಾಜಾತನದಲ್ಲಿ ರಾಜಿ ಬೇಡ. ಬೂತಾಯಿ, ಬಂಗುಡೆ ಐಸಿಲ್ಲದೆ ಬಿಸಿಲಲ್ಲಿ ಕೂತರೆ ಹಿಸ್ಟಮಿನ್ ಹುಟ್ಟುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಮಗೆ ಬೇಡವಾದದ್ದು ಬೆಕ್ಕಿಗಿರಲಿ ಎಂಬ ಮಾತು ಇಲ್ಲಿ ನಡೆಯದು. ಅಂಜಲ್, ಕೇದರದಂಥ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು, ಯಾವಾಗಲಾದರೊಮ್ಮೆ ಮಾತ್ರ. ಒಣಮೀನಿನಲ್ಲಿ ಉಪ್ಪು ವಿಪರೀತ. ಕೇರಳದಲ್ಲಿ ಟ್ರಾಲಿಂಗ್ ನಿಷೇಧದ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗಿನ 52 ದಿನ ಮೀನು ದುಬಾರಿ, ಹಳತೂ ಬರುತ್ತದೆ. ಮೇ ತಿಂಗಳಲ್ಲೇ ಬೂತಾಯಿ ಬೇಯಿಸಿ 150 ಗ್ರಾಮಿನ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿಟ್ಟರೆ ಆ ದಿನಗಳು ಕಳೆಯುತ್ತವೆ.

ನಮ್ಮ ಮೀನುಸಾರನ್ನೇ ಅನ್ನಕ್ಕೆ ಕಲಸಿ ಹಾಕುವ ರೂಢಿಯಲ್ಲಿ ದೊಡ್ಡ ಅಪಾಯ ಮೆಣಸಲ್ಲ, ನೀರುಳ್ಳಿ ಮತ್ತು ಬೆಳ್ಳುಳ್ಳಿ. ಇವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೈತೂಕದ ಕಿಲೋಗೆ 5 ಗ್ರಾಂ ನೀರುಳ್ಳಿ ಸಾಕು, ಎಂದರೆ 3 ಕಿಲೋದ ಬೆಕ್ಕಿಗೆ ಒಂದೆರಡು ಸಣ್ಣ ನೀರುಳ್ಳಿ. ಬೇಯಿಸಿದರೂ ಹುರಿದರೂ ಅದರ ಗುಣ ಹೋಗುವುದಿಲ್ಲ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಬೆಕ್ಕಿನ ಮೀನನ್ನು ಮಸಾಲೆಗೆ ಮೊದಲೇ ತೆಗೆದಿಡಿ.

ಮಾಂಸ ಬೇಯಿಸದ ಮನೆಗಳಲ್ಲಿ

ಅಡುಗೆಮನೆಗೆ ಮಾಂಸ ತರದವರಲ್ಲೂ ಬೆಕ್ಕಿನ ಮೇಲೆ ಪ್ರೀತಿ ಕಡಿಮೆಯಿಲ್ಲ. ಆದರೆ ಹಾಲನ್ನದಲ್ಲಿ ಟಾರಿನ್ ಹೆಸರಿಗಷ್ಟೆ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಬೇಧಿಯೂ ಆಗುತ್ತದೆ. ಬಚ್ಚಲ ಬದಿಯ ಹೊರಗಿನ ಒಲೆಯಲ್ಲಿ ಬೇರೆ ಪಾತ್ರೆಯಿಟ್ಟು ಕೆಲಸದವರಿಂದಲೋ ನೆರೆಯವರಿಂದಲೋ ವಾರಕ್ಕೊಮ್ಮೆ ಮಾಡಿಸಿ, ಡಬ್ಬಿಗಳನ್ನು ಪ್ರತ್ಯೇಕ ಸಣ್ಣ ಫ್ರಿಜ್ಜಿನಲ್ಲಿ ಇಡುವುದು ಒಂದು ದಾರಿ. ಅದೂ ಆಗದಿದ್ದರೆ ಅಂಗಡಿಯ ಒಣ ಆಹಾರವೇ ಉತ್ತಮ. ಪೊಟ್ಟಣದ ಮೇಲೆ ‘ಕಂಪ್ಲೀಟ್ ಆಂಡ್ ಬ್ಯಾಲೆನ್ಸ್ಡ್’ ಎಂದು ಬರೆದಿರಬೇಕು. 3 ಕಿಲೋದ ಬೆಕ್ಕಿಗೆ ದಿನಕ್ಕೆ 40–50 ಗ್ರಾಂ, ಜತೆಗೆ ನೀರು ಯಾವಾಗಲೂ. ಬೇಳೆ, ಪನ್ನೀರು, ಸೋಯಾ ಹಾಕಿ ಬೆಕ್ಕನ್ನು ಸಸ್ಯಾಹಾರಿ ಮಾಡುವ ಪ್ರಯತ್ನ ಮಾತ್ರ ಬೇಡ. ಅದು ಬೆಕ್ಕಿನ ಮೈಗೆ ಆಗದ ಮಾತು.

ಒಣ ಆಹಾರದ ಮಾತು ಮಾಂಸ ಬೇಯಿಸುವವರಿಗೂ ಅನ್ವಯಿಸುತ್ತದೆ. ಡೇವಿಸ್‌ನ ಪಶುವೈದ್ಯ ಸಂಶೋಧಕರು 2019ರಲ್ಲಿ ಪುಸ್ತಕ ಮತ್ತು ಅಂತರ್ಜಾಲದ 114 ಬೆಕ್ಕಿನ ಪಾಕವಿಧಾನಗಳನ್ನು ಪರೀಕ್ಷಿಸಿದಾಗ ಎಲ್ಲ ಅಗತ್ಯ ಪೋಷಕಾಂಶಗಳನ್ನು ಒದಗಿಸುವುದು ಒಂದೂ ಇರಲಿಲ್ಲ. ಮೇಲಿನ ಲೆಕ್ಕದಲ್ಲೂ ಸತು, ಮ್ಯಾಂಗನೀಸ್‌ನಂಥ ಸೂಕ್ಷ್ಮ ಖನಿಜಗಳು ಅಂಚಿನಲ್ಲೇ ಇರುತ್ತವೆ. ಆದ್ದರಿಂದ ವಾರದಲ್ಲಿ ಎರಡು-ಮೂರು ದಿನ ಪೊಟ್ಟಣದ ಪೂರ್ಣ ಆಹಾರ (ಒಣ ಅಥವಾ ಒದ್ದೆ), ಉಳಿದ ದಿನ ಮನೆ ಅಡುಗೆ ಎಂಬ ಹೊಂದಿಕೆ ಇಟ್ಟುಕೊಳ್ಳಿ. ಪೂರ್ತಿ ಮನೆ ಅಡುಗೆಯೇ ಬೇಕೆಂದರೆ ಬೆಕ್ಕಿಗಾಗಿಯೇ ಮಾಡಿದ ವಿಟಮಿನ್-ಖನಿಜ ಮಿಶ್ರಣ ಬಳಸಿ. ಆಗ ಅದರ ಲೇಬಲಿನ ಅಳತೆಯೇ ನಡೆಯಬೇಕು, ಮೇಲಿನ ಮಾತ್ರೆ, ಹುಡಿಗಳನ್ನು ಮತ್ತೆ ಸೇರಿಸಬಾರದು.

ಎಷ್ಟು, ಹೇಗೆ

ಈ ಅಡುಗೆಯ ಒಂದು ಗ್ರಾಮಿಗೆ ಹೆಚ್ಚುಕಡಿಮೆ 1.3 ಕಿಲೋಕ್ಯಾಲೊರಿ. ಶಸ್ತ್ರಚಿಕಿತ್ಸೆಯಾದ, ಒಳಗೇ ಇರುವ 3 ಕಿಲೋದ ಬೆಕ್ಕಿಗೆ ದಿನಕ್ಕೆ 110–120 ಗ್ರಾಂ, ಓಡಾಡುವ ಬೆಕ್ಕಿಗೆ 135–140, 4 ಕಿಲೋದ್ದಕ್ಕೆ 150. ಎರಡು ಅಥವಾ ಮೂರು ಹೊತ್ತಿಗೆ ಹಂಚಿ. ಒಂದು ಸಲದ ಅಡುಗೆ ಒಂದು ಬೆಕ್ಕಿಗೆ ಎಂಟರಿಂದ ಹತ್ತು ದಿನ ಬರುತ್ತದೆ.

ಒಮ್ಮೆಲೇ ಹೊಸ ಊಟಕ್ಕೆ ಬದಲಿಸಬೇಡಿ. ಮೊದಲ ಮೂರು ದಿನ ಹಳೆಯದರಲ್ಲಿ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು, ಹತ್ತನೆಯ ದಿನಕ್ಕೆ ಪೂರ್ತಿ. ಹಸಿದರೆ ತಾನೇ ತಿನ್ನುತ್ತದೆ ಎಂದು ಬೆಕ್ಕನ್ನು ಉಪವಾಸ ಕೆಡವಬಾರದು. ಎರಡು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಲಿವರಿಗೆ ಕೊಬ್ಬು ನುಗ್ಗಿ ಪ್ರಾಣಕ್ಕೇ ಕುತ್ತಾಗಬಹುದು. ಫ್ರಿಜ್ಜಿನ ತಣ್ಣಗಿನದನ್ನು ಹೆಚ್ಚಿನ ಬೆಕ್ಕು ಮುಟ್ಟುವುದಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದರೆ ವಾಸನೆ ಎದ್ದು ತಾನಾಗಿ ಬರುತ್ತದೆ. ಇರುವೆಗೆ ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಇಡುವ ಹಳೆಯ ಉಪಾಯವೇ ಸಾಕು. ಅರ್ಧ ಗಂಟೆಯಲ್ಲಿ ತಿಂದು ಮುಗಿಸದ್ದನ್ನು ಎತ್ತಿಬಿಡಿ.

ಮಲ ಸುಣ್ಣದ ಕಡ್ಡಿಯಂತೆ ಬೆಳ್ಳಗೆ, ಒಣಗಿದ್ದರೆ ಚಿಪ್ಪಿನ ಹುಡಿ ಹೆಚ್ಚಾಗಿದೆ, ತಕ್ಕಡಿ ನೋಡಿ. ಮೆತ್ತಗೆ, ಜಿಡ್ಡಾಗಿದ್ದರೆ ಕೊಬ್ಬು ಅಥವಾ ಲಿವರ್ ಹೆಚ್ಚಾಗಿದೆ, ಇಲ್ಲವೇ ಬದಲಾವಣೆ ಬೇಗವಾಗಿದೆ. ತಿಂಗಳಿಗೊಮ್ಮೆ ಬೆಕ್ಕನ್ನು ಬಟ್ಟೆಚೀಲದಲ್ಲಿ ಕೂರಿಸಿ ಕೊಕ್ಕೆತಕ್ಕಡಿಯಲ್ಲಿ ತೂಗಿ ಬರೆದಿಡಿ. 3 ಕಿಲೋದ ಬೆಕ್ಕಿನಲ್ಲಿ 300 ಗ್ರಾಂ ಇಳಿದರೆ ಅದು ಹತ್ತರಲ್ಲೊಂದು ಪಾಲು, ಪಂಚಾಯತಿನ ಮೃಗಾಸ್ಪತ್ರೆಗೆ ಒಯ್ಯಬೇಕಾದ ಹೊತ್ತು. ಗಂಡುಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ಹನಿಯೂ ಬಾರದಿದ್ದರೆ ಮರುದಿನಕ್ಕೆ ಕಾಯಬೇಡಿ, ಅದೇ ಗಂಟೆಯಲ್ಲಿ ಹೊರಡಿ.

ಫ್ರಿಜ್ಜು, ಮಳೆ, ಕರೆಂಟು

ಒಂದು ದಿನದ ಅಳತೆಯ ಡಬ್ಬಿಗಳಲ್ಲಿ ತುಂಬಿ ತಾರೀಕು ಬರೆಯಿರಿ. ಎರಡು ದಿನದ್ದು ಫ್ರಿಜ್ಜಿನಲ್ಲಿ, ಉಳಿದದ್ದು ಫ್ರೀಜರಿನಲ್ಲಿ. ರಾತ್ರಿ ಒಂದು ಡಬ್ಬಿ ಕೆಳಗಿಳಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಹೊರಗಿಟ್ಟು ಕರಗಿಸಬೇಡಿ. ಜೂನ್-ಜುಲೈಯಲ್ಲಿ ತೋಟದ ಮರ ತಂತಿಗೆ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಕಡೆ ಒಮ್ಮೆಗೆ ಅರ್ಧ ಕಿಲೋ ಮಾತ್ರ ಮಾಡಿ, ಎಲ್ಲ ಅಳತೆಯೂ ಅರ್ಧ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಣ್ಣಗಿರುತ್ತದೆ, ಕೆಳಗಿನ ಫ್ರಿಜ್ಜು ನಾಲ್ಕು ಗಂಟೆ ಮಾತ್ರ. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಸಿಡಿ. ಕರೆಂಟು ಬಂದಾಗ ಡಬ್ಬಿಯೊಳಗೆ ಐಸಿನ ಹರಳು ಇನ್ನೂ ಇದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮೂಸಿ ನೋಡಿ ತೀರ್ಮಾನಿಸಬೇಡಿ, ತೆಂಗಿನ ಬುಡದಲ್ಲಿ ಆಳವಾಗಿ ಹೂತುಬಿಡಿ.